ಮೂರು ಚಕ್ರದ ಕಾರು ಮಗುಚುವುದೇಕೆ? ಚಕ್ರ ಎಣಿಸಬೇಡಿ, ತೂಕ ಎಲ್ಲಿದೆ ನೋಡಿ

ಪ್ರಶ್ನೆ: ನಾವು ನಾಲ್ವರು ಗೆಳೆಯರು ಸೇರಿ ಮೂರು ಚಕ್ರದ ಎಲೆಕ್ಟ್ರಿಕ್ ಕಾರೊಂದನ್ನು ಕಟ್ಟುತ್ತಿದ್ದೇವೆ. ಮುಂದೆ ಎರಡು ಚಕ್ರ, ಹಿಂದೆ ಒಂದು. ಇಬ್ಬರು ಅಕ್ಕಪಕ್ಕ ಕೂರಬಹುದು. ಗಾಳಿಯ ತಡೆ ಕಡಿಮೆಯಾಗಲಿ ಎಂದು ಮೈಗೆ ನೀರಹನಿಯ ಆಕಾರ ಕೊಟ್ಟಿದ್ದೇವೆ. ವೀಲ್‌ಬೇಸ್ (ಮುಂಚಕ್ರ ಹಿಂಚಕ್ರಗಳ ನಡುವಿನ ದೂರ) 2.4 ಮೀಟರ್, ಮುಂದಿನ ಟ್ರ್ಯಾಕ್ (ಎಡ ಬಲ ಚಕ್ರಗಳ ನಡುವಿನ ದೂರ) 1.3 ಮೀಟರ್. ಇಬ್ಬರು ಕೂತಾಗ ಒಟ್ಟು ತೂಕ 620 ಕಿಲೋ. ಅದರಲ್ಲಿ 310 ಕಿಲೋ ಹಿಂದಿನ ಒಂದೇ ಚಕ್ರದ ಮೇಲಿದೆ. ಗುರುತ್ವ ಕೇಂದ್ರ ನೆಲದಿಂದ ಸುಮಾರು 55 ಸೆಂ.ಮೀ. ಎತ್ತರದಲ್ಲಿದೆ ಎಂದು ಅಂದಾಜು. 90 ಕಿಲೋ ಬ್ಯಾಟರಿ ಸೀಟಿನ ಹಿಂದೆ, 40 ಕಿಲೋ ಮೋಟರ್ ಹಿಂಚಕ್ರದ ಬಳಿ. ಖಾಲಿ ಮೈದಾನದಲ್ಲಿ ಕೋನ್‌ಗಳ ನಡುವೆ 40 ಕಿ.ಮೀ. ವೇಗದಲ್ಲಿ ಎಡಕ್ಕೆ ಬಲಕ್ಕೆ ತಿರುಗಿಸಿದಾಗ ಒಳಬದಿಯ ಮುಂಚಕ್ರ ನೆಲ ಬಿಟ್ಟಿತು. ಇನ್ನೊಮ್ಮೆ 70ರಲ್ಲಿ ಹೋಗುವಾಗ ಅಡ್ಡಗಾಳಿ ಬೀಸಿ ಮೂತಿ ತಾನಾಗಿ ಪಕ್ಕಕ್ಕೆ ಹೊರಳಿತು, ಸರಿಪಡಿಸಲು ಹೋದರೆ ಬಾಲ ಅತ್ತಿತ್ತ ತೂಗಾಡಿತು. ಮನೆಯಲ್ಲಿ ‘ಇದೂ ಆಟೋ ಥರ ಮಗುಚುತ್ತೆ, ಸುಮ್ಮನೆ ನಾಲ್ಕನೇ ಚಕ್ರ ಹಾಕಿ’ ಅಂತಿದ್ದಾರೆ. ಒಬ್ಬ ಗೆಳೆಯ ಮುಂದಕ್ಕೆ ಹಿಡಿತ ಹೆಚ್ಚಿರುವ ಅಗಲ ಟೈರ್ ಹಾಕೋಣ ಅನ್ನುತ್ತಾನೆ. ಇನ್ನೊಬ್ಬನಿಗೆ ಹಿಂಚಕ್ರವೇ ತಿರುಗುವ ಸ್ಟಿಯರಿಂಗ್ ಬೇಕು. ಮತ್ತೊಬ್ಬ ಬೈಕಿನಂತೆ ವಾಲುವ ವ್ಯವಸ್ಥೆ ಮಾಡೋಣ ಅನ್ನುತ್ತಾನೆ. ಯಾರ ಮಾತು ಕೇಳಬೇಕು?

ಉತ್ತರ: ಮೊದಲು ಒಂದು ಮಾತು. ಈಗಿರುವ ಸ್ಥಿತಿಯಲ್ಲಿ ಈ ಕಾರನ್ನು ಮತ್ತೆ 70ಕ್ಕೆ ಓಡಿಸಬೇಡಿ. ಕಾರಣ ಮುಂದೆ ಬರುತ್ತದೆ, ಆದರೆ ಉತ್ತರ ಪೂರ್ತಿ ಓದುವ ಮೊದಲೇ ಇದು ನಿಮಗೆ ಗೊತ್ತಿರಬೇಕು.

ನಿಮ್ಮ ಪ್ರಶ್ನೆಯಲ್ಲಿ ಎರಡು ದೂರುಗಳಿವೆ. ತಿರುವಿನಲ್ಲಿ ಚಕ್ರ ಏಳುತ್ತದೆ, ಗಾಳಿಗೆ ಕಾರು ದಿಕ್ಕು ತಪ್ಪುತ್ತದೆ. ನೀವು ಇವನ್ನು ಬೇರೆ ಬೇರೆ ಕಾಯಿಲೆ ಎಂದುಕೊಂಡಿದ್ದೀರಿ. ನೀವು ಕೊಟ್ಟ ಅಂಕಿಗಳನ್ನು ನೋಡಿದರೆ ಎರಡಕ್ಕೂ ಮೂಲ ಒಂದೇ: ಮುಂದಿರಬೇಕಾದ ತೂಕ ಹಿಂದಿದೆ.

ಮನೆಯವರ ಭಯದಿಂದ ಶುರುಮಾಡೋಣ. ಅದು ಆಧಾರವಿಲ್ಲದ ಭಯವಲ್ಲ, ಆದರೆ ಬೊಟ್ಟು ಮಾಡುತ್ತಿರುವುದು ತಪ್ಪು ಕಡೆಗೆ. ಆಟೋರಿಕ್ಷಾ ಇರುವುದು ಡೆಲ್ಟಾ ವಿನ್ಯಾಸದಲ್ಲಿ: ಮುಂದೆ ಒಂದು ಚಕ್ರ, ಹಿಂದೆ ಎರಡು. 1973ರಲ್ಲಿ ಬಂದ ಬ್ರಿಟನ್ನಿನ ರಿಲಯಂಟ್ ರಾಬಿನ್ ಕೂಡ ಹಾಗೆಯೇ. ಅದರ ಎಂಜಿನ್ ಮುಂದಿತ್ತು, ಅಂದರೆ ಭಾರದ ವಸ್ತು ಕಿರಿದಾದ ತುದಿಯ ಕಡೆಗಿತ್ತು. ಆ ಕಾರು ಹೆಜ್ಜೆಗೊಮ್ಮೆ ಮಗುಚುವ ದೃಶ್ಯ ಟಿವಿಯಲ್ಲಿ ಬಂದು ಲೋಕಪ್ರಸಿದ್ಧವಾಯಿತು. ಅದು ಸುಲಭವಾಗಿ ಉರುಳಲಿ ಎಂದು ಡಿಫರೆನ್ಷಿಯಲ್‌ನಲ್ಲಿ (ಎಂಜಿನ್ ಬಲವನ್ನು ಎರಡು ಹಿಂಚಕ್ರಗಳಿಗೆ ಹಂಚುವ ಗೇರ್) ಕೈಯಾಡಿಸಿದ್ದೆವು ಎಂದು ಆ ಕಾರ್ಯಕ್ರಮದ ನಿರೂಪಕರೇ ಆಮೇಲೆ ಬರೆದುಕೊಂಡರು. ರಾಬಿನ್ ತಿರುವಿನಲ್ಲಿ ಎಚ್ಚರ ಬೇಡುವ ಕಾರು ಹೌದು, ಟಿವಿಯಲ್ಲಿ ತೋರಿಸಿದಷ್ಟಲ್ಲ. ಇನ್ನೊಂದು ಕಡೆ ಮುಂದೆ ಎರಡು ಚಕ್ರವಿದ್ದ ಮಾರ್ಗನ್ ತ್ರಿಚಕ್ರಗಳು 1909ರಿಂದ ಶುರುವಾಗಿ ರೇಸುಗಳಲ್ಲೂ ಓಡಿದವು. ಜರ್ಮನಿಯ ಮೆಸ್ಸರ್‌ಸ್ಮಿಟ್ ಕೆಆರ್200 ಕೇವಲ 1.2 ಮೀಟರ್ ಅಗಲವಿದ್ದೂ 1955ರಿಂದ 1964ರವರೆಗೆ ತಯಾರಾಯಿತು. ಅದರಲ್ಲಿ ಇಬ್ಬರೂ ಒಬ್ಬರ ಹಿಂದೊಬ್ಬರು, ನೆಲಕ್ಕೆ ಹತ್ತಿರವಾಗಿ ಕೂರುತ್ತಿದ್ದರು. ಆ ಅಗಲದಲ್ಲಿ ಅದು ನಿಂತದ್ದು ಆ ಕೂರುವ ರೀತಿಯಿಂದ.

ಈಗ ರೇಖಾಗಣಿತ. ಮೂರು ಟೈರುಗಳು ನೆಲ ಮುಟ್ಟುವ ಬಿಂದುಗಳನ್ನು ಸೇರಿಸಿದರೆ ತ್ರಿಕೋನವಾಗುತ್ತದೆ. ಮೂರು ಕಾಲಿನ ಸ್ಟೂಲಿನ ಮೇಲೆ ಕೂತು ಎರಡು ಕಾಲುಗಳ ನಡುವಿನ ಅಂಚಿನತ್ತ ವಾಲಿದರೆ ಏನಾಗುತ್ತದೆಂದು ನಿಮಗೆ ಗೊತ್ತು. ಕಾರಿನಲ್ಲೂ ಮಗುಚುವ ಅಂಚು ಎಂದರೆ ಹಿಂಚಕ್ರದಿಂದ ಹೊರಬದಿಯ ಮುಂಚಕ್ರಕ್ಕೆ ಎಳೆದ ಓರೆಗೆರೆ. ಹಾಗಾಗಿ ನಿಮ್ಮ 1.3 ಮೀಟರ್ ಟ್ರ್ಯಾಕ್ ಪೂರ್ತಿ ನಿಮ್ಮ ಕೈಗೆ ಸಿಗುವುದಿಲ್ಲ. ಗುರುತ್ವ ಕೇಂದ್ರ ಇರುವ ಜಾಗದಲ್ಲಿ ಆ ತ್ರಿಕೋನ ಎಷ್ಟು ಅಗಲವಿದೆಯೋ ಅಷ್ಟೇ ಸಿಗುವುದು. ಲೆಕ್ಕ ಸರಳ: ಟ್ರ್ಯಾಕಿನ ಅರ್ಧವನ್ನು ಮುಂಚಕ್ರಗಳ ಮೇಲಿರುವ ತೂಕದ ಪಾಲಿನಿಂದ ಗುಣಿಸಿ, ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿ. ಬರುವ ಸಂಖ್ಯೆಯೇ ಎಷ್ಟು ‘ಜಿ’ ಪಕ್ಕದ ಬಲಕ್ಕೆ ಚಕ್ರ ಏಳುತ್ತದೆ ಎಂಬುದು. ಒಂದು ಜಿ ಎಂದರೆ ಕಾರಿನ ತೂಕದಷ್ಟೇ ಬಲ.

ನಿಮ್ಮ ಕಾರಿಗೆ 0.65 ಗುಣಿಸು 0.5, ಭಾಗಿಸು 0.55. ಉತ್ತರ 0.59 ಜಿ. ಒಣ ಡಾಂಬರಿನ ಮೇಲೆ ಸಾಧಾರಣ ಕಾರು ಟೈರ್ 0.8ರಿಂದ 0.9 ಜಿ ತನಕ ಹಿಡಿಯುತ್ತದೆ. ಅಂದರೆ ನಿಮ್ಮ ಕಾರು ಜಾರುವ ಮೊದಲೇ ಮಗುಚುತ್ತದೆ. 40 ಕಿ.ಮೀ. ವೇಗದಲ್ಲಿ 25 ಮೀಟರ್ ತ್ರಿಜ್ಯದ ತಿರುವು ತೆಗೆದುಕೊಂಡರೇ 0.5 ಜಿ ಆಗುತ್ತದೆ. ಅದರ ಮೇಲೆ ಎಡಕ್ಕೆ ತಿರುಗಿಸಿ ತಕ್ಷಣ ಬಲಕ್ಕೆ ಎಳೆದಾಗ ಮೈ ಹೊಯ್ದಾಡಿ ಇನ್ನಷ್ಟು ಸೇರುತ್ತದೆ. ಸಸ್ಪೆನ್ಷನ್ ನಾಲ್ಕು ಡಿಗ್ರಿ ವಾಲಿದರೂ ಗುರುತ್ವ ಕೇಂದ್ರ ಎರಡರಿಂದ ನಾಲ್ಕು ಸೆಂ.ಮೀ. ಹೊರಗೆ ಸರಿಯುತ್ತದೆ. ಚಕ್ರ ಎದ್ದದ್ದು ಆಕಸ್ಮಿಕವಲ್ಲ, ಲೆಕ್ಕದ ಪ್ರಕಾರವೇ ಎದ್ದಿದೆ.

ನಾನು ತ್ರಿಚಕ್ರ ವಿನ್ಯಾಸ ನೋಡುವಾಗ ಮೊದಲು ಕೇಳುವುದು ಇದೊಂದನ್ನೇ: ಮಗುಚುವ ಮಿತಿ ಟೈರಿನ ಹಿಡಿತಕ್ಕಿಂತ ಮೇಲಿದೆಯೋ ಕೆಳಗಿದೆಯೋ? ಮೇಲಿದ್ದರೆ ಚಾಲಕ ತಪ್ಪು ಮಾಡಿದಾಗ ಕಾರು ಜಾರುತ್ತದೆ, ಅವನಿಗೆ ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ. ಕೆಳಗಿದ್ದರೆ ಸಿಗುವುದಿಲ್ಲ.

ಇದರಿಂದ ಅಗಲ ಟೈರಿನ ಸಲಹೆಗೂ ಉತ್ತರ ಸಿಕ್ಕಿತು. ಹಿಡಿತ ಹೆಚ್ಚಿದಷ್ಟೂ ನೀವು ಮಗುಚುವ ಬಲವನ್ನು ತಲುಪುವುದು ಸುಲಭ. ಟೈರ್ ಜಾರದೆ ಗಟ್ಟಿಯಾಗಿ ಕಚ್ಚಿಕೊಂಡರೆ ಮೈ ಅದರ ಮೇಲೆ ಹಾದು ಹೋಗುತ್ತದೆ. ಓಡುವಾಗ ಕಡಿಮೆ ಶಕ್ತಿ ತಿನ್ನುವ, ಕಿರಿದಾದ ಟೈರ್ ನಿಮ್ಮ ಕಾರಿಗೆ ಗಾಳಿಯ ಲೆಕ್ಕದಲ್ಲೂ ಮಗುಚುವ ಲೆಕ್ಕದಲ್ಲೂ ಒಳ್ಳೆಯದು. ಅದಕ್ಕೆ ಬೆಲೆ ಇದೆ, ಬ್ರೇಕ್ ಹಾಕಿದಾಗ ನಿಲ್ಲಲು ಹೆಚ್ಚು ದೂರ ಬೇಕು. ಆ ಬೆಲೆಯನ್ನು ತಿಳಿದೇ ಕೊಡಿ.

ಇನ್ನು ಗಾಳಿಯ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು, ಏಕೆಂದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಹೆದರಿಸಿದ್ದು ಎದ್ದ ಚಕ್ರವಲ್ಲ, ತೂಗಾಡಿದ ಬಾಲ.

ಮುಂದೆ ಎರಡು ಟೈರ್, ಹಿಂದೆ ಒಂದು. ಮೂರೂ ಒಂದೇ ಬಗೆಯವಾದರೆ ಪಕ್ಕದ ಬಲವನ್ನು ತಡೆಯುವ ಶಕ್ತಿಯ ಮೂರರಲ್ಲಿ ಎರಡು ಪಾಲು ಮುಂದಿದೆ. ಆ ತಡೆಯುವ ಶಕ್ತಿಯ ನಡುಬಿಂದು ಮುಂದಿನ ಆ್ಯಕ್ಸಲ್‌ನಿಂದ ವೀಲ್‌ಬೇಸಿನ ಮೂರನೇ ಒಂದು ಭಾಗ ಹಿಂದೆ, ಅಂದರೆ ನಿಮ್ಮ ಕಾರಿನಲ್ಲಿ 80 ಸೆಂ.ಮೀ. ಹಿಂದೆ ಬರುತ್ತದೆ. ಗುರುತ್ವ ಕೇಂದ್ರ ಅದಕ್ಕಿಂತ ಮುಂದಿದ್ದರೆ ಕಾರು ಅಂಡರ್‌ಸ್ಟಿಯರ್ ಆಗುತ್ತದೆ (ಸ್ಟಿಯರಿಂಗ್ ಕೇಳಿದ್ದಕ್ಕಿಂತ ಕಡಿಮೆ ತಿರುಗುತ್ತದೆ), ತಾನಾಗಿ ನೇರಕ್ಕೆ ಮರಳುವ ಸ್ವಭಾವ ಅದಕ್ಕಿರುತ್ತದೆ. ಹಿಂದಿದ್ದರೆ ಓವರ್‌ಸ್ಟಿಯರ್, ಅಂದರೆ ಕೇಳಿದ್ದಕ್ಕಿಂತ ಹೆಚ್ಚು ತಿರುಗುತ್ತದೆ. ನಿಮ್ಮದು ಮುಂದಿನ ಆ್ಯಕ್ಸಲ್‌ನಿಂದ 1.2 ಮೀಟರ್ ಹಿಂದಿದೆ. ಓವರ್‌ಸ್ಟಿಯರ್ ಆಗುವ ಪ್ರತಿ ವಾಹನಕ್ಕೂ ಒಂದು ಮಿತಿವೇಗವಿರುತ್ತದೆ. ಅದನ್ನು ದಾಟಿದ ಮೇಲೆ ಸ್ಟಿಯರಿಂಗ್ ನೇರ ಹಿಡಿದರೂ ಕಾರು ನೇರ ಹೋಗುವುದಿಲ್ಲ, ಸಣ್ಣ ತಳ್ಳಾಟ ಬೆಳೆಯುತ್ತಾ ಹೋಗುತ್ತದೆ. ಸಣ್ಣ ಟೈರುಗಳ ಸಾಮಾನ್ಯ ಅಂಕಿಗಳನ್ನು ಹಾಕಿ ನೋಡಿದರೆ ನಿಮ್ಮ ಕಾರಿಗೆ ಆ ವೇಗ 80 ಕಿ.ಮೀ. ಆಸುಪಾಸಿನಲ್ಲೇ ಬರಬಹುದು. 70ರಲ್ಲಿ ಬಾಲ ತೂಗಾಡಿದ್ದು ಆ ಅಂಚಿನ ಹತ್ತಿರ ಹೋಗಿದ್ದೀರಿ ಎಂಬುದರ ಲಕ್ಷಣ. ಮುಂದಕ್ಕೆ ಅಗಲ ಟೈರ್ ಹಾಕಿದರೆ ಆ ನಡುಬಿಂದು ಇನ್ನೂ ಮುಂದೆ ಸರಿದು ಮಿತಿವೇಗ ಮತ್ತೂ ಇಳಿಯುತ್ತದೆ. ಆ ಸಲಹೆ ಎರಡು ಕಡೆಯಿಂದಲೂ ತಪ್ಪು.

ಇದರ ಮೇಲೆ ಗಾಳಿಯ ಆಟ. ಗಾಳಿಯನ್ನು ಸುಲಭವಾಗಿ ಸೀಳುವ ನುಣುಪು ಮೈಗೆ ಒಂದು ಹುಟ್ಟುಗುಣವಿದೆ. ಓರೆಯಾಗಿ ಗಾಳಿ ಬಡಿದಾಗ ಪಕ್ಕಕ್ಕೆ ತಳ್ಳುವ ಬಲ ಮೈಯ ನಡುವಿನಲ್ಲಲ್ಲ, ಮೂತಿಯ ಕಡೆಗೆ ಕೂರುತ್ತದೆ. ಪೆಟ್ಟಿಗೆಯಂಥ ವ್ಯಾನಿಗೆ ಈ ತೊಂದರೆ ಕಡಿಮೆ, ಏಕೆಂದರೆ ಅದರ ಬಾಲದ ಚೌಕ ಅಂಚು ಗಾಳಿಪಟದ ಬಾಲದಂತಲ್ಲದಿದ್ದರೂ ಒಂದಿಷ್ಟು ತಡೆಯುತ್ತದೆ. ನಿಮ್ಮ ಕಾರಿನಲ್ಲಿ ಗಾಳಿ ಮೂತಿಯನ್ನು ತಳ್ಳುತ್ತದೆ, ಭಾರದ ಬಾಲ ಆ ತಿರುಗುವಿಕೆಗೆ ಜೊತೆ ಕೊಡುತ್ತದೆ. ಜೊತೆಗೆ ಹಗುರವಾದ ಕಾರು. ಗಾಳಿಯ ಬಲ ಮೈಯ ಗಾತ್ರ ನೋಡುತ್ತದೆಯೇ ಹೊರತು ತೂಕ ನೋಡುವುದಿಲ್ಲ. ಅಷ್ಟೇ ಗಾತ್ರದ, 1,200 ಕಿಲೋ ತೂಗುವ ಕಾರಿಗಿಂತ ನಿಮ್ಮ ಕಾರು ಅದೇ ಗಾಳಿಗೆ ಸುಮಾರು ಎರಡರಷ್ಟು ಸರಿಯುತ್ತದೆ.

ಹಾಗೆಂದು ಆ ಆಕಾರವನ್ನು ಬಿಟ್ಟುಬಿಡಿ ಎನ್ನಲಾರೆ. 100 ಕಿ.ಮೀ. ವೇಗದಲ್ಲಿ ಗಾಳಿಯ ತಡೆಯ ಗುಣಾಂಕ ಮತ್ತು ಮುಂಭಾಗದ ವಿಸ್ತೀರ್ಣಗಳ ಗುಣಲಬ್ಧ 0.6 ಚದರ ಮೀಟರ್ ಇರುವ ಕಾರಿಗೆ ಗಾಳಿ ಸೀಳಲೆಂದೇ ಸುಮಾರು 7.7 ಕಿಲೋವ್ಯಾಟ್ ಬೇಕು, 0.25 ಇದ್ದರೆ 3.2 ಸಾಕು. ಮುಂದೆ ಅಗಲ, ಹಿಂದೆ ಕಿರಿದು ಎಂಬ ಟ್ಯಾಡ್‌ಪೋಲ್ ವಿನ್ಯಾಸ ಈ ಆಕಾರಕ್ಕೆ ಹೇಳಿಮಾಡಿಸಿದ ಹಾಗಿದೆ. ಅಪ್ಟೆರಾ ಕಂಪನಿ ತನ್ನ ತ್ರಿಚಕ್ರ ಕಾರಿಗೆ 0.13 ಗುಣಾಂಕ ಹೇಳಿಕೊಳ್ಳುತ್ತದೆ. ಅದರ ಮುಂಚಕ್ರಗಳು ಮೈಯಿಂದ ದೂರ, ತಮ್ಮದೇ ಕವಚದೊಳಗೆ ನಿಂತಿವೆ. ಮೈ ಕಿರಿದು, ಟ್ರ್ಯಾಕ್ ಅಗಲ. ಎರಡು ಬೇಡಿಕೆಗಳನ್ನೂ ಒಟ್ಟಿಗೆ ತೀರಿಸುವ ದಾರಿ ಅದು.

ಈಗ ದುರಸ್ತಿ. ಬ್ಯಾಟರಿಯನ್ನು ಸೀಟಿನ ಹಿಂದಿನಿಂದ ತೆಗೆದು ಕಾಲಿನಡಿಯ ನೆಲಕ್ಕೆ ತನ್ನಿ. 90 ಕಿಲೋ 1.2 ಮೀಟರ್ ಮುಂದೆ, 30 ಸೆಂ.ಮೀ. ಕೆಳಗೆ ಬಂದರೆ ಮುಂದಿನ ಪಾಲು 57 ಶೇಕಡಾ ಆಗುತ್ತದೆ, ಎತ್ತರ 51 ಸೆಂ.ಮೀ.ಗೆ ಇಳಿಯುತ್ತದೆ. ಮಿತಿ 0.59ರಿಂದ 0.73ಕ್ಕೆ ಏರುತ್ತದೆ. ಬ್ಯಾಟರಿ ಮುಟ್ಟದೆ ಟ್ರ್ಯಾಕನ್ನು ಮಾತ್ರ 1.6 ಮೀಟರ್ ಮಾಡಿದರೂ ಸುಮಾರು ಅಷ್ಟೇ ಸಿಗುತ್ತದೆ. ಆದರೆ ಬಾಲದ ತೂಗಾಟಕ್ಕೆ ಟ್ರ್ಯಾಕ್ ಏನೂ ಮಾಡುವುದಿಲ್ಲ, ಆದ್ದರಿಂದ ಮೊದಲು ಬ್ಯಾಟರಿ. ಎರಡನ್ನೂ ಮಾಡಿದರೆ 0.9. ಸೀಟುಗಳನ್ನು 20 ಸೆಂ.ಮೀ. ಮುಂದೆ, 10 ಸೆಂ.ಮೀ. ಕೆಳಗೆ ತಂದರೆ 0.98. ಮೋಟರ್ ಭಾರವನ್ನೂ ಮುಂದಿನ ಆ್ಯಕ್ಸಲ್‌ಗೆ ಕೊಂಡೊಯ್ದರೆ ಮುಂದಿನ ಪಾಲು 65 ಶೇಕಡಾ ದಾಟಿ ಮಿತಿ 1.08 ಜಿ ಆಗುತ್ತದೆ. ಈಗ ಕಾರು ಮಗುಚುವ ಮೊದಲು ಜಾರುತ್ತದೆ. ಗುರುತ್ವ ಕೇಂದ್ರವೂ ನಾನು ಹೇಳಿದ 80 ಸೆಂ.ಮೀ. ಗೆರೆಯ ಪಕ್ಕಕ್ಕೇ ಬಂದು ನಿಲ್ಲುತ್ತದೆ. ಹಿಂದಿನ ಟೈರ್ ಮುಂದಿನವುಗಳಿಗಿಂತ ಒಂದು ಅಳತೆ ಗಟ್ಟಿಯದಾಗಿದ್ದರೆ ಉಳಿದ ಕೊರತೆಯೂ ತುಂಬುತ್ತದೆ.

ಮೋಟರ್ ಮುಂದೆ ತರುವುದು ಸಣ್ಣ ಕೆಲಸವಲ್ಲ ಎಂದು ಗೊತ್ತು. ಡ್ರೈವ್ ಶಾಫ್ಟ್ ಬೇಕು, ಇಲ್ಲವೇ ಚಕ್ರದೊಳಗೇ ಕೂರುವ ಎರಡು ಹಬ್ ಮೋಟರ್ ಬೇಕು. ಹಬ್ ಮೋಟರ್ ಹಾಕಿದರೆ ಚಕ್ರದ ಭಾರ ಹೆಚ್ಚಿ ಗುಂಡಿಗಳಲ್ಲಿ ಟೈರ್ ನೆಲ ಬಿಡುವುದು ಜಾಸ್ತಿಯಾಗುತ್ತದೆ. ಹಿಂದೆಯೇ ಇಟ್ಟುಕೊಂಡರೂ ಕಾರು ನಡೆಯುತ್ತದೆ. ಆದರೆ ಒದ್ದೆ ರಸ್ತೆಯಲ್ಲಿ ಒಂದೇ ಟೈರ್ ಎಳೆಯುತ್ತಾ ಜಾರಿತೆಂದರೆ ಬಾಲವನ್ನು ಹಿಡಿಯಲು ಇನ್ನೊಂದು ಟೈರ್ ಇಲ್ಲ. ನಡುವಿನ ಚಕ್ರ ಓಡುವುದೂ ವಾಹನಗಳ ಎಣ್ಣೆ ತೊಟ್ಟಿಕ್ಕುವ ರಸ್ತೆಯ ನಡುಪಟ್ಟಿಯಲ್ಲಿ. ಹಿಂದಿನ ಡ್ರೈವ್ ಉಳಿಸಿಕೊಂಡರೆ ಮೋಟರಿನ ಎಳೆತಕ್ಕೂ, ಚಾರ್ಜ್ ಮರಳಿಸುವ ಬ್ರೇಕಿಗೂ ಎಲೆಕ್ಟ್ರಾನಿಕ್ ಕಡಿವಾಣ ಹಾಕಲೇಬೇಕು.

ಬ್ರೇಕ್ ಎಂದಾಗ ನಿಮ್ಮ ವಿನ್ಯಾಸದ ಪರವಾಗಿ ಒಂದು ಮಾತು. ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಹೋಗುತ್ತದೆ. ಟ್ಯಾಡ್‌ಪೋಲ್‌ನಲ್ಲಿ ಮುಂದೆ ಹೋದಷ್ಟೂ ತ್ರಿಕೋನ ಅಗಲ. ದುರಸ್ತಿಯಾದ ನಿಮ್ಮ ಕಾರಿಗೆ ಅರ್ಧ ಜಿ ಬ್ರೇಕ್ ಹಾಕಿದಾಗ ಮಿತಿ 1.25ಕ್ಕೆ ಏರುತ್ತದೆ. ಇದೇ ಅಳತೆಯ ಡೆಲ್ಟಾದಲ್ಲಿ 0.92ಕ್ಕೆ ಕುಸಿಯುತ್ತದೆ. ಹೆದರಿದ ಮನುಷ್ಯನ ಕಾಲು ತಾನಾಗಿ ಹೋಗುವುದು ಬ್ರೇಕಿನ ಮೇಲೆ. ಆ ಕ್ಷಣದಲ್ಲಿ ಗಟ್ಟಿಯಾಗುವ ವಿನ್ಯಾಸ ಬೇಕೋ ಸಡಿಲವಾಗುವ ವಿನ್ಯಾಸ ಬೇಕೋ ಎಂಬುದರಲ್ಲಿ ನನಗೆ ಅನುಮಾನವೇ ಇಲ್ಲ. ಹಿಂಚಕ್ರದ ಬ್ರೇಕ್ ಮಾತ್ರ ಮೆದುವಾಗಿರಲಿ. ಜೋರಾಗಿ ನಿಲ್ಲಿಸುವಾಗ ಅದರ ಮೇಲೆ ತೂಕ ಹೆಚ್ಚು ಉಳಿಯುವುದಿಲ್ಲ, ಲಾಕ್ ಆದರೆ ಬಾಲ ಮುಂದಕ್ಕೆ ಬರುತ್ತದೆ.

ನಾಲ್ಕು ಚಕ್ರದ ಕಾರಿನ ಅನುಭವ ಇಲ್ಲಿ ಒಂದು ಕಡೆ ದಾರಿ ತಪ್ಪಿಸುತ್ತದೆ. ಅಲ್ಲಿ ಆ್ಯಂಟಿ-ರೋಲ್ ಬಾರನ್ನು (ಮೈ ವಾಲದಂತೆ ಎಡ ಬಲ ಚಕ್ರಗಳನ್ನು ಜೋಡಿಸುವ ಸರಳು) ಮುಂದೆ ದಪ್ಪ, ಹಿಂದೆ ತೆಳು ಮಾಡಿ ಸ್ವಭಾವ ತಿದ್ದುತ್ತಾರೆ. ಇಲ್ಲಿ ಹಿಂದಿನ ಒಂಟಿ ಚಕ್ರ ವಾಲುವಿಕೆಯನ್ನು ತಡೆಯಲಾರದು, ಪೂರ್ತಿ ಕೆಲಸ ಮುಂದಿನ ಜೋಡಿಯದು. ಬಾರ್ ದಪ್ಪ ಮಾಡಿದರೆ ವಾಲುವ ಕೋನ ಕಡಿಮೆಯಾಗುತ್ತದೆ, ಅಷ್ಟೇ. ಸ್ವಭಾವ ಬದಲಿಸುವ ಉಪಾಯಗಳು ತೂಕದ ಜಾಗ ಮತ್ತು ಟೈರ್, ಇವೆರಡೇ.

ಹಿಂಚಕ್ರದ ಸ್ಟಿಯರಿಂಗ್ ಬೇಡವೇ ಬೇಡ. ಮುಂಚಕ್ರಗಳ ಕವಚ ಕಿರಿದಾಗಿಸಬಹುದು ಎಂಬ ಆಸೆ ಅರ್ಥವಾಗುತ್ತದೆ. ಆದರೆ ಅಂಥ ಕಾರು ಎಡಕ್ಕೆ ಹೋಗಬೇಕಾದರೆ ಮೊದಲು ಬಾಲವನ್ನು ಬಲಕ್ಕೆ ಎಸೆಯಬೇಕು. ಗೋದಾಮಿನ ಫೋರ್ಕ್‌ಲಿಫ್ಟಿಗೆ ಅದು ಸರಿ, ವೇಗಕ್ಕೆ ಅಲ್ಲ. ಅಮೆರಿಕದ ವಿನ್ಯಾಸಕಾರ ಬಕ್‌ಮಿನ್‌ಸ್ಟರ್ ಫುಲ್ಲರ್ 1933ರಲ್ಲಿ ಕಟ್ಟಿದ ಡೈಮ್ಯಾಕ್ಸಿಯನ್ ಕಾರು ನಿಮ್ಮ ಕನಸಿನ ಅಜ್ಜನಂತಿದೆ. ಮುಂದೆ ಎಳೆಯುವ ಎರಡು ಚಕ್ರ, ಹಿಂದೆ ತಿರುಗುವ ಒಂದು ಚಕ್ರ, ನೀರಹನಿಯ ಉದ್ದ ಮೈ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಶಿಕಾಗೋ ವಿಶ್ವಮೇಳದ ಬಳಿ ಅದು ಉರುಳಿ ಚಾಲಕ ಸತ್ತರು. ಇನ್ನೊಂದು ಕಾರು ತಾಗಿದ್ದೇ ಕಾರಣ ಎಂದು ವಿಚಾರಣೆಯಲ್ಲಿ ಹೇಳಲಾಯಿತು, ‘ಮೂರು ಚಕ್ರ ಕೊಂದಿತು’ ಎಂಬ ಮಾತು ಮಾತ್ರ ಉಳಿದುಕೊಂಡಿತು. ಗಾಳಿಯಲ್ಲಿ, ವೇಗದಲ್ಲಿ ಅದು ಅಂಕೆಗೆ ಸಿಗುವುದು ಕಷ್ಟ ಎಂದು ಫುಲ್ಲರ್ ತಾವೇ ಒಪ್ಪಿದ್ದರು, ತರಬೇತಿ ಪಡೆದವರಿಗಷ್ಟೇ ಓಡಿಸಲು ಬಿಡುತ್ತಿದ್ದರು. ಅದರಲ್ಲಿ ತೊಂದರೆಯಿದ್ದದ್ದು ಚಕ್ರದ ಸಂಖ್ಯೆಯಲ್ಲಲ್ಲ, ಹಿಂದಿನ ಸ್ಟಿಯರಿಂಗ್ ಮತ್ತು ಅಡ್ಡಗಾಳಿ ಒಟ್ಟಿಗೆ ಬಂದದ್ದರಲ್ಲಿ.

ವಾಲುವ ವ್ಯವಸ್ಥೆ ನಿಜಕ್ಕೂ ಚೆಂದದ ದಾರಿ. ಡಚ್ಚರ ಕಾರ್ವರ್, 1997ರ ಮರ್ಸಿಡಿಸ್ ಎಫ್300 ಲೈಫ್-ಜೆಟ್, ಪಿಯಾಜಿಯೊ ಎಂಪಿ3 ಸ್ಕೂಟರ್ ಎಲ್ಲ ಅದನ್ನೇ ಮಾಡಿ ತೋರಿಸಿದವು. ಕಿರಿದಾದ ಕಾರಿಗೆ, ಒಬ್ಬರ ಹಿಂದೊಬ್ಬರು ಕೂರುವುದಾದರೆ ಅದು ಬೇಕಾಗುತ್ತದೆ. ಆದರೆ ಮೋಟರ್ ಅಥವಾ ಹೈಡ್ರಾಲಿಕ್ ಬಲದಿಂದ ಮೈಯನ್ನು ಒಳಕ್ಕೆ ವಾಲಿಸುವ ಆ ಮೊದಲ ಕ್ಷಣದಲ್ಲಿ ಪ್ರತಿಬಲ ಹೊರಚಕ್ರಗಳನ್ನು ಒತ್ತುತ್ತದೆ. ಗಡಿಬಿಡಿಯಲ್ಲಿ ಸ್ಟಿಯರಿಂಗ್ ಎಳೆದಾಗ ಮಗುಚದಂತೆ ಕಾಯಬೇಕಾದ ಯಂತ್ರವೇ ಒಂದು ಗಳಿಗೆ ಮಗುಚುವ ಕಡೆಗೆ ತಳ್ಳುತ್ತದೆ. ಸೆನ್ಸರ್ ಕೆಟ್ಟರೆ ಏನಾಗಬೇಕು ಎಂಬುದಕ್ಕೂ ಉತ್ತರ ಸಿದ್ಧವಿರಬೇಕು. ನಾಲ್ವರ ಮೊದಲ ಕಾರಿಗೆ ನಾನು ಇದನ್ನು ಹೇಳುವುದಿಲ್ಲ.

ನಾಲ್ಕನೇ ಚಕ್ರ? ಹಾಕಿದರೆ ಮಗುಚುವ ಮಿತಿ ಏರುವುದು ಖಂಡಿತ. ಬಾಲ ಅಗಲವಾಗುತ್ತದೆ, ಭಾರ ಮತ್ತು ಗಾಳಿಯ ತಡೆ ಹೆಚ್ಚುತ್ತವೆ. ಮುಂದಿನ ಭಾರ ಮೂರರಲ್ಲಿ ಎರಡು ಪಾಲಿನ ಹತ್ತಿರಕ್ಕೂ ಬರಲಿಲ್ಲವೆಂದರೆ ಆಗ ಮನೆಯವರ ಮಾತು ಕೇಳಿ, ಅದರಲ್ಲಿ ಸೋಲೇನಿಲ್ಲ. ಅಮೆರಿಕದ ಕಾನೂನು ಮೂರು ಚಕ್ರದ ವಾಹನವನ್ನು ಮೋಟರ್‌ಸೈಕಲ್ ಎಂದೇ ಎಣಿಸುತ್ತದೆ. ಕಾರಿನ ಅಪಘಾತ ಪರೀಕ್ಷೆಗಳು ಅದಕ್ಕೆ ಅನ್ವಯವಾಗದಿದ್ದರೆ ಅದನ್ನು ರಿಯಾಯಿತಿ ಎಂದುಕೊಳ್ಳಬೇಡಿ. ರೋಲ್ ಬಾರ್ (ಮಗುಚಿದಾಗ ತಲೆ ಕಾಯುವ ಗಟ್ಟಿ ಕಮಾನು) ಮತ್ತು ಸೀಟ್ ಬೆಲ್ಟ್ ಮೊದಲ ಓಟಕ್ಕೇ ಇರಲಿ.

ರಸ್ತೆಗೆ ಮರಳುವ ಮೊದಲು ಹಿಂಚಕ್ರವನ್ನು ಮೇಲೆ ಕೆಳಗೆ ಹಿಡಿದು ಪಕ್ಕಕ್ಕೆ ಅಲುಗಾಡಿಸಿ ನೋಡಿ. ಸ್ವಿಂಗ್ ಆರ್ಮ್‌ನ (ಹಿಂಚಕ್ರವನ್ನು ಹಿಡಿದಿರುವ ತೋಳು) ಕೀಲಿನ ಬುಷ್‌ನಲ್ಲಿ ಟಕ್ ಎಂಬ ಸಣ್ಣ ಆಟ ಕೈಗೆ ಸಿಕ್ಕರೂ, ವೇಗದಲ್ಲಿ ಅದು ತಾನಾಗಿ ತಿರುಗುವ ಸ್ಟಿಯರಿಂಗ್ ಆಗುತ್ತದೆ. ಬೈಕಿನ ಟೈರ್ ಹಾಕಿದ್ದರೆ ತೆಗೆಯಿರಿ. ಅದರ ದುಂಡು ಮೈ ವಾಲುವ ಗಾಡಿಗಾಗಿ ಮಾಡಿದ್ದು, ನೆಟ್ಟಗೆ ನಿಂತು ಪಕ್ಕದ ಬಲ ತಡೆಯಲು ಅಲ್ಲ. ಸ್ಪೋಕ್ ಚಕ್ರಗಳ ವಿಷಯದಲ್ಲೂ ಇದೇ ಮಾತು.

ಗುರುತ್ವ ಕೇಂದ್ರದ ಎತ್ತರವನ್ನು ಅಂದಾಜಿಗೆ ಬಿಡಬೇಡಿ. ಶಾಕ್ ಅಬ್ಸಾರ್ಬರ್‌ಗಳ ಜಾಗದಲ್ಲಿ ಗಟ್ಟಿ ಸರಳು ಕಟ್ಟಿ, ಸೀಟಿನಲ್ಲಿ ಮರಳಿನ ಚೀಲ ಇಟ್ಟು, ಹಿಂಬದಿಯನ್ನು ಎತ್ತಿ ಮುಂಚಕ್ರಗಳ ತೂಕ ಎಷ್ಟು ಏರಿತೆಂದು ನೋಡಿ. 40 ಸೆಂ.ಮೀ. ಎತ್ತಿದರೆ ನಿಮ್ಮ ಕಾರಿನಲ್ಲಿ ಬರುವ ವ್ಯತ್ಯಾಸ ಹನ್ನೆರಡು ಕಿಲೋ ಆಸುಪಾಸು. ತಕ್ಕಡಿ ಎರಡು ಕಿಲೋ ತಪ್ಪಿದರೂ ಎತ್ತರ ನಾಲ್ಕೈದು ಸೆಂ.ಮೀ. ತಪ್ಪುತ್ತದೆ. ಹಾಗಾಗಿ ಇನ್ನೂ ಎತ್ತರಕ್ಕೆ ಎತ್ತಿ, ಎರಡು ಮೂರು ಬೇರೆ ಎತ್ತರಗಳಲ್ಲಿ ಅಳೆಯಿರಿ. ಆಮೇಲೆ ಹಗ್ಗ ಕಟ್ಟಿ, ಹಲಗೆಯ ಮೇಲೆ ಕಾರನ್ನು ಪಕ್ಕಕ್ಕೆ ಓರೆ ಮಾಡಿ. ಈಗಿನ ಕಾರಿನ ಚಕ್ರ 30 ಡಿಗ್ರಿಯಲ್ಲೇ ಏಳಬೇಕು, ದುರಸ್ತಿಯಾದದ್ದು 45 ದಾಟಬೇಕು. ದಾಟದಿದ್ದರೆ ಲೆಕ್ಕದಲ್ಲೋ ಅಳತೆಯಲ್ಲೋ ಏನೋ ಬಿಟ್ಟುಹೋಗಿದೆ. ಓಡಿಸುವ ಪರೀಕ್ಷೆ ಅದರ ನಂತರ, ಎರಡೂ ಬದಿಗೆ ಸಣ್ಣ ಆಸರೆ ಚಕ್ರ ಕಟ್ಟಿ, ಅಂಚುಕಲ್ಲು ಇಲ್ಲದ ಜಾಗದಲ್ಲಿ. ಜಾರುವ ಟೈರ್ ಅಂಚುಕಲ್ಲಿಗೆ ತಾಗಿದರೆ ಈ ಲೆಕ್ಕಗಳು ಯಾವುವೂ ಕಾಯುವುದಿಲ್ಲ.

ಇದನ್ನೆಲ್ಲ ಒಬ್ಬರೇ ಕೂತೂ ಮಾಡಿ. ಅಕ್ಕಪಕ್ಕದ ಸೀಟಿನಲ್ಲಿ ಚಾಲಕ ಮಾತ್ರ ಇದ್ದಾಗ ಗುರುತ್ವ ಕೇಂದ್ರ ಮೂರ್ನಾಲ್ಕು ಸೆಂ.ಮೀ. ಅವರ ಕಡೆಗೆ ಸರಿಯುತ್ತದೆ. ಆಗ ಒಂದು ದಿಕ್ಕಿನ ತಿರುವಿನ ಮಿತಿ ಇನ್ನೊಂದಕ್ಕಿಂತ ಕಡಿಮೆ. ಎರಡರಲ್ಲಿ ಕಡಿಮೆ ಬಂದದ್ದನ್ನೇ ನಿಮ್ಮ ಕಾರಿನ ಮಿತಿ ಎಂದು ಬರೆದಿಟ್ಟುಕೊಳ್ಳಿ.